ದೀರ್ಘ ಬರಹದ ಕಟ್ಟು: ರೂಪಕ ಹಿಡಿದು ನಕ್ಷೆ ಹಾಕುವ ಬಗೆ

ಐದಾರು ಪುಟದ ಲೇಖನದ ಕಟ್ಟನ್ನು ತಲೆಯಲ್ಲೇ ಇಟ್ಟುಕೊಂಡು ಬರೆದು ಮುಗಿಸಬಹುದು. ಬರಹ ಐವತ್ತು ಪುಟ ದಾಟಿತೆಂದರೆ ಅದು ಆಗದ ಮಾತು. ನಾಲ್ಕನೆಯ ಅಧ್ಯಾಯ ಬರೆಯುವ ಹೊತ್ತಿಗೆ ಮೊದಲನೆಯದರಲ್ಲಿ ಏನನ್ನು ಹೇಳಿ, ಏನನ್ನು ಮುಂದಕ್ಕೆ ಉಳಿಸಿಕೊಂಡಿದ್ದೆವೆಂಬುದು ಮಸುಕಾಗಿರುತ್ತದೆ. ಒಂದೇ ವಿಷಯ ಎರಡು ಕಡೆ ಬಂದಿರುತ್ತದೆ, ಬರಲೇಬೇಕಾಗಿದ್ದದ್ದು ಎಲ್ಲಿಯೂ ಬಂದಿರುವುದಿಲ್ಲ. ಮಹಾಪ್ರಬಂಧಕ್ಕೆ ಕೂತ ಸಂಶೋಧನಾ ವಿದ್ಯಾರ್ಥಿಯಿರಲಿ, ನಿವೃತ್ತಿಯ ನಂತರ ತಮ್ಮ ಊರಿನ ಚರಿತ್ರೆ ಬರೆಯಲು ಹೊರಟ ಮೇಷ್ಟ್ರಿರಲಿ, ಸ್ಮರಣ ಸಂಚಿಕೆಗೆ ದೊಡ್ಡ ಲೇಖನ ಕೊಡುತ್ತೇನೆಂದು ಒಪ್ಪಿಕೊಂಡವರಿರಲಿ, ದಾವಣಗೆರೆ ಮತ್ತು ಚಿತ್ರದುರ್ಗದ ಕಡೆ ನಾನು ನೋಡಿದ ಕರಡುಗಳಲ್ಲಿ ಭಾಷೆಗಿಂತ ಹೆಚ್ಚಾಗಿ ಕಟ್ಟೇ ಕೈಕೊಟ್ಟಿರುತ್ತದೆ.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಅಧ್ಯಾಯ ವಿಂಗಡಣೆ. ಪೀಠಿಕೆ, ಭೌಗೋಳಿಕ ಹಿನ್ನೆಲೆ, ಚಾರಿತ್ರಿಕ ಹಿನ್ನೆಲೆ, ಸಾಮಾಜಿಕ ಸ್ಥಿತಿಗತಿ, ಆರ್ಥಿಕ ಸ್ಥಿತಿಗತಿ, ಉಪಸಂಹಾರ ಎಂಬ ಪಟ್ಟಿಯನ್ನು ನಮ್ಮಲ್ಲಿ ಬರೆಯುವವರೆಲ್ಲ ಒಮ್ಮೆಯಾದರೂ ಹಾಕಿಕೊಂಡಿರುತ್ತಾರೆ. ಈ ಪಟ್ಟಿಯನ್ನು ಯಾವ ವಿಷಯಕ್ಕೆ ಬೇಕಾದರೂ ಹಚ್ಚಬಹುದು, ಅದರ ದೋಷವೂ ಅದೇ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನಷ್ಟೇ ಪಟ್ಟಿ ಹೇಳುತ್ತದೆ. ಎರಡನೆಯ ಅಧ್ಯಾಯವಿಲ್ಲದಿದ್ದರೆ ಐದನೆಯದಕ್ಕೆ ಏನು ನಷ್ಟವಾಗುತ್ತದೆ ಎಂಬ ಪ್ರಶ್ನೆಯನ್ನು ಅದು ಎತ್ತುವುದೇ ಇಲ್ಲ. ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ನಿಮ್ಮ ಬಳಿ ಸಾಮಗ್ರಿ ಇದೆ, ಬರಹ ಇಲ್ಲ.

ರೂಪಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಚಂದಕ್ಕಾಗಿ ಸಾಲಿನ ನಡುವೆ ಬರುವ ರೂಪಕದ ಮಾತು ಇದಲ್ಲ. ನಾಲ್ಕು ಜನ ಓಡಾಡಿ ಬಳಸುವ, ಒಳಗಿನ ವ್ಯವಸ್ಥೆ ನಮಗೆ ಚೆನ್ನಾಗಿ ಗೊತ್ತಿರುವ ಒಂದು ವಸ್ತುವನ್ನೋ ರಚನೆಯನ್ನೋ ಎದುರಿಗಿಟ್ಟುಕೊಂಡು, ಅದರ ಭಾಗಗಳು ಒಂದಕ್ಕೊಂದು ಹೇಗೆ ಆಸರೆಯಾಗಿವೆಯೋ ಹಾಗೆ ಬರಹದ ಭಾಗಗಳೂ ಆಸರೆಯಾಗಿವೆಯೇ ಎಂದು ಪರೀಕ್ಷಿಸುವುದು ಈ ವಿಧಾನ. ಗೊತ್ತಿಲ್ಲದ ವಸ್ತುವನ್ನು ಆರಿಸಿಕೊಂಡರೆ ಪ್ರಯೋಜನವಿಲ್ಲ. ಪಾಶ್ಚಾತ್ಯ ಸ್ವರಮೇಳದ (ಸಿಂಫನಿ) ಕಛೇರಿಯನ್ನು ಒಮ್ಮೆಯೂ ಕೂತು ಕೇಳದವರು ತಮ್ಮ ಪ್ರಬಂಧವನ್ನು ಅದರಂತೆ ಕಟ್ಟುತ್ತೇನೆಂದರೆ, ನಾಲ್ಕು ಭಾಗ ಎಂಬ ಸಂಖ್ಯೆಯ ಹೊರತು ಅವರಿಗೆ ಬೇರೇನೂ ದಕ್ಕುವುದಿಲ್ಲ. ನಮ್ಮ ಕಡೆಯವರಿಗೆ ಕೋಟೆ ಗೊತ್ತು, ಹೊಂಡ ಗೊತ್ತು, ನಾಲೆ ಗೊತ್ತು, ಮಗ್ಗ ಗೊತ್ತು.

ಮೊದಲು ಸಾಮಗ್ರಿ, ಆಮೇಲೆ ರೂಪಕ

ರೂಪಕವನ್ನು ಮೊದಲೇ ಗೊತ್ತುಮಾಡಿಕೊಂಡು ವಿಷಯವನ್ನು ಅದರೊಳಗೆ ತುರುಕಬಾರದು. ಸಂಗ್ರಹಿಸಿದ ಒಂದೊಂದು ಅಂಶವನ್ನೂ ಒಂದೊಂದು ಚೀಟಿಯಲ್ಲಿ ಒಂದೇ ವಾಕ್ಯದಲ್ಲಿ ಬರೆಯಿರಿ. ವಾಕ್ಯವೇ ಆಗಬೇಕು, ಬರಿಯ ತಲೆಬರಹ ಸಾಲದು. ‘ಮಳೆ’ ಎಂದು ಬರೆದ ಚೀಟಿ ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ. ‘ಹಿರಿಯೂರು, ಚಳ್ಳಕೆರೆ ಕಡೆ ಬೀಳುವ ಮಳೆಯಿಂದ ಈ ಜಲಾಶಯ ತುಂಬುವುದಿಲ್ಲ, ಮೇಲಿನ ಜಲಾನಯನದ ಮಳೆ ಬೇಕು’ ಎಂದು ಬರೆದದ್ದು ಇನ್ನೊಂದು ಚೀಟಿಯನ್ನು ತಾನಾಗಿ ಕೇಳುತ್ತದೆ. ಚೀಟಿಗಳನ್ನೆಲ್ಲ ನೆಲದ ಮೇಲೆ ಹರಡಿ (ಫ್ಯಾನ್ ನಿಲ್ಲಿಸಿಕೊಳ್ಳುವುದು ಒಳ್ಳೆಯದು) ಎರಡೆರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಇದು ಅದಕ್ಕೆ ಕಾರಣವಾಯಿತೋ, ಇದು ಅದರ ಒಳಗೆ ಅಡಗಿದೆಯೋ, ಎರಡೂ ಒಂದೇ ಮೂಲದಿಂದ ಹೊರಟವೋ, ಅಥವಾ ಸುಮ್ಮನೆ ಜೊತೆಜೊತೆಗೆ ನಡೆದವೋ ಎಂಬುದನ್ನು ಹಿಂಬದಿಯಲ್ಲಿ ಗುರುತು ಹಾಕಿ. ಹೆಚ್ಚಿನ ಚೀಟಿಗಳ ಹಿಂದೆ ಯಾವ ಬಗೆಯ ಗುರುತು ಬಿದ್ದಿದೆಯೋ ಅದಕ್ಕೆ ಹೊಂದುವ ರೂಪಕವನ್ನು ಹುಡುಕಿದರೆ ಸಾಕು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ವಿಷಯವನ್ನು ಹಿಡಿದುಕೊಳ್ಳೋಣ: ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿ ವಿಲಾಸ ಸಾಗರದ ಮೇಲೆ ಅರವತ್ತು ಪುಟದ ಬರಹ. ಚೀಟಿಗಳಲ್ಲಿ ಏನೇನಿರುತ್ತದೆ? 1876–78ರ ಮಹಾಕ್ಷಾಮ, ಮೈಸೂರು ಸಂಸ್ಥಾನದ ಕಾಲದಲ್ಲಿ ಕೆಲಸ ಆರಂಭವಾಗಿ 1907ರಲ್ಲಿ ಅಣೆಕಟ್ಟು ಮುಗಿದದ್ದು, ರಾಜಪ್ರತಿನಿಧಿಯಾಗಿದ್ದ ಮಹಾರಾಣಿಯವರ ಹೆಸರು ಅದಕ್ಕೆ ಬಂದದ್ದು, ಸುಮಾರು 30 ಟಿಎಂಸಿ ಸಾಮರ್ಥ್ಯ, 130 ಅಡಿಯ ಪೂರ್ಣ ಮಟ್ಟ, 1933ರಲ್ಲಿ ತುಂಬಿ ಕೋಡಿ ಬಿದ್ದದ್ದು, ಆಮೇಲೆ 89 ವರ್ಷಕ್ಕೆ, 2022ರಲ್ಲಿ, ಮತ್ತೆ ಕೋಡಿ ಬಿದ್ದದ್ದು, ಅಜ್ಜಂಪುರದ ಸುರಂಗದ ಮೂಲಕ ಭದ್ರೆಯ ನೀರು ಬಂದದ್ದು, ಚಿತ್ರದುರ್ಗ ನಗರದ ಕುಡಿಯುವ ನೀರು, ಹಿರಿಯೂರಿನ ಅಚ್ಚುಕಟ್ಟು, ಅಂದರೆ ಈ ನೀರು ಹರಿಯುವ ಜಮೀನು. ಇವೆಲ್ಲವನ್ನೂ ಇಸವಿಯ ಕ್ರಮದಲ್ಲಿ ಜೋಡಿಸುವುದು ಮೊದಲು ಹೊಳೆಯುವ ದಾರಿ. ಜೋಡಿಸಿ ನೋಡಿದರೆ 1933ಕ್ಕೂ 2022ಕ್ಕೂ ನಡುವೆ ದೊಡ್ಡ ಬಯಲು ಬಿದ್ದಿರುತ್ತದೆ. ಅಲ್ಲಿ ನಡೆದದ್ದೇ ‘ತುಂಬಲಿಲ್ಲ’ ಎಂಬುದು. ಏನೂ ನಡೆಯದಿದ್ದುದನ್ನು ಇಸವಿಗಳ ಸಾಲಿನಲ್ಲಿ ಬರೆಯುವುದು ಹೇಗೆ? ಈ ಕಾರಣಕ್ಕೇ ನದಿಯ ರೂಪಕವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ನದಿ ತಾನಾಗಿ ಹರಿಯುತ್ತದೆ, ಬರೆಯುವವನಿಂದ ಯಾವ ನಿರ್ಧಾರವನ್ನೂ ಕೇಳುವುದಿಲ್ಲ. ಕಾಲಾನುಕ್ರಮಕ್ಕೆ ಇಟ್ಟ ಇನ್ನೊಂದು ಹೆಸರು ಅಷ್ಟೇ.

ಕೋಟೆ: ಒಳಗೊಂದು ಅಡಗಿರುವ ವಿಷಯಕ್ಕೆ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಹತ್ತಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಬಾಗಿಲುಗಳು ನೇರ ಸಾಲಿನಲ್ಲಿಲ್ಲ. ಒಂದನ್ನು ದಾಟಿದವನಿಗೆ ಎದುರಿಗೆ ಕಾಣುವುದು ಗೋಡೆ. ತಿರುವು ತಿರುಗಿದ ಮೇಲೆಯೇ ಮುಂದಿನ ಬಾಗಿಲು. ಹೊರಗೆ ನಿಂತು ನೋಡಿದರೆ ಒಳಗಿನ ಹೊಂಡಗಳಾಗಲಿ, ಗುಡಿಗಳಾಗಲಿ, ಅರಮನೆಯ ಮಣ್ಣಿನ ಗೋಡೆಗಳಾಗಲಿ ಕಾಣುವುದಿಲ್ಲ. ಹೊರಗಿನಿಂದ ನೋಡಿದಾಗ ಒಂದಾಗಿ, ಒಳಗೆ ಹೋದಂತೆ ಬೇರೆಯೇ ಆಗಿ ಕಾಣುವ ವಿಷಯಗಳಿಗೆ ಈ ವ್ಯವಸ್ಥೆ ಚೆನ್ನಾಗಿ ಹೊಂದುತ್ತದೆ.

ಇದನ್ನು ನಕ್ಷೆಯಾಗಿ ಮಾಡಿಕೊಳ್ಳುವಾಗ ಮೂರು ಭಾಗಗಳನ್ನು ಬರೆದುಕೊಳ್ಳಿ: ಸುತ್ತು, ಬಾಗಿಲು, ಒಳಕೇಂದ್ರ. ಸುತ್ತು ಎಂದರೆ ಒಂದು ಅಧ್ಯಾಯ, ಅಂದರೆ ಒಂದು ಮಟ್ಟದ ವಿವರಣೆ. ಬಾಗಿಲು ಎಂದರೆ ಆ ವಿವರಣೆ ಸಾಲದೆಂದು ತೋರಿಸುವ ಒಂದು ಪ್ರಶ್ನೆ. ಒಳಕೇಂದ್ರ ಎಂದರೆ ಓದುಗನನ್ನು ಕರೆದೊಯ್ದು ನಿಲ್ಲಿಸಬೇಕಾದ ಜಾಗ. ನಕ್ಷೆ ಹಾಕುವುದು ಒಳಗಿನಿಂದ ಹೊರಕ್ಕೆ, ಬರೆಯುವುದು ಹೊರಗಿನಿಂದ ಒಳಕ್ಕೆ. ಕೇಂದ್ರ ಗೊತ್ತಿಲ್ಲದೆ ಹೊರಸುತ್ತು ಕಟ್ಟಲು ಹೋಗಬಾರದು.

ನಮ್ಮ ವಿಷಯಕ್ಕೆ ಇದನ್ನು ಹಚ್ಚೋಣ. ಒಳಕೇಂದ್ರದಲ್ಲಿ ಇರಬೇಕಾದ ಪ್ರಶ್ನೆ, ಈ ನೀರಿನ ಮೇಲೆ ಮೊದಲ ಹಕ್ಕು ಯಾರದು ಎಂಬುದು: ಅಚ್ಚುಕಟ್ಟಿನ ರೈತರದೋ, ಕುಡಿಯುವ ನೀರಿಗೆ ಇದನ್ನೇ ನೆಚ್ಚಿಕೊಂಡ ಊರುಗಳದೋ, ಹಿನ್ನೀರು ಏರಿದಾಗ ಜಮೀನು ಮುಳುಗುವವರ ಮಾತಿಗೆ ಎಷ್ಟು ಬೆಲೆ ಎಂಬುದೋ. ಹೊರಸುತ್ತಿನಲ್ಲಿರುವುದು ಎಲ್ಲರೂ ಕಂಡದ್ದು, ಅಂದರೆ 2022ರಲ್ಲಿ ಕೋಡಿ ಬಿದ್ದದ್ದು, ಜನ ನೋಡಲು ಬಂದದ್ದು. ಅಲ್ಲಿಂದ ಒಳಗೆ ಹೋಗುವ ಮೊದಲ ಬಾಗಿಲು: 1933ರ ನಂತರ ಇಷ್ಟು ವರ್ಷ ಯಾಕೆ ತುಂಬಲಿಲ್ಲ? ಎರಡನೆಯ ಸುತ್ತು ಮಳೆಯದು. ಬಯಲುಸೀಮೆಯ ಒಣ ತಾಲ್ಲೂಕುಗಳು, ಚಿಕ್ಕಮಗಳೂರಿನ ಗುಡ್ಡಗಳಿಂದ ಇಳಿದು ಬರುವ ವೇದಾವತಿ. ಬಾಗಿಲು: ಮಳೆಯೊಂದೇ ಕಾರಣವಾದರೆ ನಡುವೆ ಒಳ್ಳೆಯ ಮಳೆಗಾಲವೇ ಬರಲಿಲ್ಲವೇ? ಮೂರನೆಯ ಸುತ್ತು ಮೇಲಿನ ಜಲಾನಯನದ ಕೆರೆಗಳದು, ಹೊಳೆ ಅಣೆಕಟ್ಟು ಮುಟ್ಟುವ ಮೊದಲೇ ಅದರ ನೀರು ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದರದು. ಬಾಗಿಲು: ಹಾಗಾದರೆ ಈಗ ಬಂದ ನೀರಿನಲ್ಲಿ ವೇದಾವತಿಯದೆಷ್ಟು, ಭದ್ರೆಯದೆಷ್ಟು? ನಾಲ್ಕನೆಯ ಸುತ್ತು ಭದ್ರಾ ಮೇಲ್ದಂಡೆ ಯೋಜನೆಯದು. ಬೇರೆ ಕಣಿವೆಯಿಂದ ತಂದ ನೀರು ಯಾರದೆಂಬ ಪ್ರಶ್ನೆ ಅಲ್ಲಿಂದ ಏಳುತ್ತದೆ, ಓದುಗ ಕೇಂದ್ರಕ್ಕೆ ಬಂದು ನಿಲ್ಲುತ್ತಾನೆ.

ಈ ನಕ್ಷೆಯಲ್ಲಿ ಒಂದು ವಿಶೇಷ ಆಗಿರುವುದನ್ನು ಗಮನಿಸಬೇಕು. ಅಣೆಕಟ್ಟು ಕಟ್ಟಿದ ಕಥೆ, ಅಂದರೆ ಮಾಮೂಲಿ ಪಟ್ಟಿಯಲ್ಲಿ ಆರಂಭದಲ್ಲೇ ಬಂದು ಇಪ್ಪತ್ತು ಪುಟ ನುಂಗುತ್ತಿದ್ದ ‘ಚಾರಿತ್ರಿಕ ಹಿನ್ನೆಲೆ’, ಇಲ್ಲಿ ಮೊದಲಿಗೆ ಬರುವುದೇ ಇಲ್ಲ. ಅದು ಬರುವುದು ಮೂರನೆಯ ಸುತ್ತಿನಲ್ಲಿ, ‘ಇಷ್ಟು ಕಡಿಮೆ ನೀರು ತರುವ ಹೊಳೆಗೆ 30 ಟಿಎಂಸಿ ಹಿಡಿಸುವ ಜಲಾಶಯವನ್ನು ಯಾವ ಲೆಕ್ಕದ ಮೇಲೆ ಕಟ್ಟಿದರು’ ಎಂದು ಓದುಗ ತಾನೇ ಕೇಳುವ ಜಾಗದಲ್ಲಿ. ಅಲ್ಲಿ ಅದು ಎಂಟು ಪುಟದಲ್ಲಿ ಮುಗಿಯುತ್ತದೆ, ಒಂದು ಪುಟವೂ ಬೇಸರ ತರುವುದಿಲ್ಲ. ಚರಿತ್ರೆಯನ್ನು ಹಿನ್ನೆಲೆಯಾಗಿ ಇಡುವುದಕ್ಕೂ ಉತ್ತರವಾಗಿ ಇಡುವುದಕ್ಕೂ ಇರುವ ವ್ಯತ್ಯಾಸ ಇಷ್ಟು.

ಕೋಟೆಯ ನಕ್ಷೆಗೆ ಅಪಾಯಗಳೂ ಇವೆ. ಮೊದಲನೆಯದು ಓಬವ್ವನ ಕಿಂಡಿ. ಮುನ್ನುಡಿಯಲ್ಲೋ, ಮೊದಲ ಅಧ್ಯಾಯದ ಕೊನೆಯ ಪ್ಯಾರಾದಲ್ಲೋ ಕೇಂದ್ರದ ಉತ್ತರವನ್ನು ಹೇಳಿಬಿಟ್ಟರೆ ಓದುಗ ಸುತ್ತುಗಳನ್ನು ದಾಟದೆ ಕಿಂಡಿಯಿಂದಲೇ ಒಳಗೆ ನುಸುಳಿರುತ್ತಾನೆ. ಮುಂದಿನ ಬಾಗಿಲುಗಳಿಗೆ ಅವನ ಬಳಿ ಕೆಲಸವಿರುವುದಿಲ್ಲ. ಮಹಾಪ್ರಬಂಧದಲ್ಲಿ ನಿಯಮವೇ ಸಾರಾಂಶವನ್ನು ಮೊದಲಿಗೆ ಕೇಳುತ್ತದೆ, ಅಲ್ಲಿ ಕಿಂಡಿಯನ್ನು ಮುಚ್ಚಲಾಗುವುದಿಲ್ಲ. ಅಂಥ ಕಡೆ ಕೇಂದ್ರದಲ್ಲಿ ಏನಿದೆ ಎಂಬುದನ್ನು ಬಿಟ್ಟುಕೊಟ್ಟು, ಅದು ಅಲ್ಲಿ ಹೇಗೆ ಬಂತು ಎಂಬುದನ್ನು ಸುತ್ತುಗಳಿಗೆ ಉಳಿಸಿಕೊಳ್ಳಬೇಕು. ಮದಕರಿ ನಾಯಕರ ಬಗ್ಗೆ ಬರೆಯುವವರ ಪಾಡೂ ಇದೇ ಆಗಿರುತ್ತದೆ. ದುರ್ಗ 1779ರಲ್ಲಿ ಹೈದರಾಲಿಯ ವಶವಾಯಿತೆಂಬುದು ಓದುಗರಿಗೆಲ್ಲ ಮೊದಲೇ ಗೊತ್ತಿರುವುದರಿಂದ ಆ ಬರಹದ ಬಾಗಿಲುಗಳಲ್ಲಿ ‘ಏನಾಯಿತು’ ಎಂಬ ಪ್ರಶ್ನೆಗೆ ಬೀಗ ಹಾಕಿ ಫಲವಿಲ್ಲ, ‘ಯಾಕಾಯಿತು’ ಎಂಬುದನ್ನೇ ಒಂದೊಂದಾಗಿ ತೆರೆಯಬೇಕು.

ಎರಡನೆಯ ಅಪಾಯ ಬರಿದಾದ ಕೇಂದ್ರ. ಐದು ಬಾಗಿಲು ದಾಟಿಸಿ ಕರೆತಂದ ಮೇಲೆ ಅಲ್ಲಿ ‘ಈ ಬಗ್ಗೆ ಹೆಚ್ಚಿನ ಸಂಶೋಧನೆ ನಡೆಯಬೇಕಾಗಿದೆ’ ಎಂಬ ವಾಕ್ಯವಿದ್ದರೆ ಓದುಗ ಕ್ಷಮಿಸುವುದಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ.

ಹೊಂಡಗಳ ಸಾಲು: ಕಾರಣ ಕಾರ್ಯಗಳ ವಿಷಯಕ್ಕೆ

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿರುವುದು ಇದು. ದುರ್ಗದ ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದ ನೀರು ಅಕ್ಕ ತಂಗಿಯರ ಹೊಂಡಕ್ಕೆ ಹೋಗುತ್ತದೆ. ಅಲ್ಲಿಂದ ಕೆಳಗಿಳಿದು ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳನ್ನು ಸೇರುತ್ತದೆ. ಬಯಲಿನಲ್ಲಿ ಕೆರೆಗಳ ಸರಣಿ ಇರುವುದೂ ಹೀಗೆಯೇ, ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ನೀರಿನ ಮೂಲ. ಇಲ್ಲಿ ಎರಡು ನಿಯಮಗಳು ಅಡಗಿವೆ. ಹೊಂಡ ತುಂಬುವ ಮೊದಲು ಕೋಡಿ ಬೀಳುವುದಿಲ್ಲ. ಕೋಡಿ ಹೆಚ್ಚಾದ ನೀರನ್ನಷ್ಟೇ ಮುಂದಕ್ಕೆ ಕಳಿಸುತ್ತದೆ, ಹೊಂಡವನ್ನು ಖಾಲಿ ಮಾಡುವುದಿಲ್ಲ.

ಬರಹದಲ್ಲಿ ಇವೆರಡಕ್ಕೂ ನೇರವಾದ ಅರ್ಥವಿದೆ. ಒಂದು ಅಧ್ಯಾಯ ತನ್ನ ಕೆಲಸ ಮುಗಿಸುವ ಮೊದಲೇ ಮುಂದಿನದಕ್ಕೆ ಜಿಗಿಯಬಾರದು. ಹಾಗೆಯೇ, ಅಧ್ಯಾಯದಲ್ಲಿ ಹೇಳಿದ್ದನ್ನೆಲ್ಲ ಮುಂದಿನದರ ಆರಂಭದಲ್ಲಿ ಮತ್ತೆ ಸುರಿಯಬಾರದು. ಮುಂದಕ್ಕೆ ಹರಿಯಬೇಕಾದದ್ದು ಉಳಿದ ಒಂದು ತೊಡಕು ಮಾತ್ರ. ‘ಹಿಂದಿನ ಅಧ್ಯಾಯದಲ್ಲಿ ಚರ್ಚಿಸಿದಂತೆ’ ಎಂದು ಶುರುವಾಗಿ ಒಂದೂವರೆ ಪುಟ ನಡೆಯುವ ಪ್ಯಾರಾಗಳು ನಮ್ಮ ಪ್ರಬಂಧಗಳಲ್ಲಿ ಎಷ್ಟಿವೆಯೆಂದು ನೋಡಿದರೆ ಎರಡನೆಯ ನಿಯಮವನ್ನು ಎಷ್ಟು ಜನ ಮುರಿಯುತ್ತಾರೆಂಬುದು ತಿಳಿಯುತ್ತದೆ.

ನಕ್ಷೆ ಹಾಕುವ ಕ್ರಮ ಹೀಗೆ. ಕಾಗದವನ್ನು ಉದ್ದಕ್ಕೆ ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ಅಧ್ಯಾಯದ ಒಳಹರಿವನ್ನು, ಅಂದರೆ ಅದು ಯಾವ ಪ್ರಶ್ನೆಯೊಂದಿಗೆ ಶುರುವಾಗುತ್ತದೆ ಎಂಬುದನ್ನು ಬರೆಯಿರಿ. ನಡುವಿನದರಲ್ಲಿ ಆ ಪ್ರಶ್ನೆಯನ್ನು ತುಂಬಲು ಬೇಕಾದ ಚೀಟಿಗಳ ಸಂಖ್ಯೆಯನ್ನು ಗುರುತಿಸಿ. ಕೊನೆಯದರಲ್ಲಿ ಕೋಡಿಯನ್ನು, ಅಂದರೆ ಆ ಅಧ್ಯಾಯ ಉತ್ತರಿಸದೆ ಬಿಟ್ಟ ಒಂದೇ ಸಂಗತಿಯನ್ನು ಒಂದು ವಾಕ್ಯದಲ್ಲಿ ಹೇಳಿ. ಒಂದು ಅಧ್ಯಾಯದ ಕೋಡಿ ಮುಂದಿನದರ ಒಳಹರಿವಿಗೆ ಮಾತುಮಾತಿಗೂ ಹೊಂದಬೇಕು. ಹೊಂದದಿದ್ದರೆ ನಡುವೆ ಒಂದು ಹೊಂಡ ಕಾಣೆಯಾಗಿದೆ, ಇಲ್ಲವೇ ಎರಡು ಅಧ್ಯಾಯಗಳ ಸ್ಥಾನ ಅದಲುಬದಲಾಗಿದೆ.

ವಾಣಿ ವಿಲಾಸ ಸಾಗರವನ್ನೇ ಈ ಕ್ರಮದಲ್ಲಿ ಇಟ್ಟರೆ ಬರಹದ ಮುಖವೇ ಬದಲಾಗುತ್ತದೆ. ಮೊದಲ ಹೊಂಡ 1876–78ರ ಕ್ಷಾಮ. ಅದರ ಕೋಡಿ, ಮಳೆ ಬಂದ ವರ್ಷದ ನೀರನ್ನು ಬಾರದ ವರ್ಷಕ್ಕೆ ಇಟ್ಟುಕೊಳ್ಳುವುದು ಹೇಗೆ ಎಂಬುದು. ಎರಡನೆಯದು ಅಣೆಕಟ್ಟಿನ ತೀರ್ಮಾನ ಮತ್ತು ನಿರ್ಮಾಣ. ಅದರ ಕೋಡಿ, ನೀರು ನಿಂತಿತು ಸರಿ, ಹೊಲಕ್ಕೆ ಮುಟ್ಟಿಸುವುದು ಹೇಗೆ ಎಂಬುದು. ಮೂರನೆಯದು ಅಚ್ಚುಕಟ್ಟು. ಅದರ ಕೋಡಿ ಏನು? ಇಲ್ಲಿ ನಕ್ಷೆ ನಿಮ್ಮನ್ನು ತಡೆದು ನಿಲ್ಲಿಸುತ್ತದೆ. ಅಚ್ಚುಕಟ್ಟಿನಿಂದ ಕುಡಿಯುವ ನೀರಿನ ಅಧ್ಯಾಯಕ್ಕೆ ನೇರವಾಗಿ ಹೋಗಲು ಬರುವುದಿಲ್ಲ, ಏಕೆಂದರೆ ಊರುಗಳು ಬೆಳೆದದ್ದು ಈ ನೀರಿನಿಂದಲೇ ಎಂದು ಹೇಳುವಷ್ಟು ಆಧಾರ ಚೀಟಿಗಳಲ್ಲಿ ಇರಲಾರದು. ಆಗ ಎರಡೇ ದಾರಿ: ಊರುಗಳ ಬೆಳವಣಿಗೆಯನ್ನು ಬೇರೆ ಹೊಂಡವಾಗಿ ತೋರಿಸಿ, ಅದರ ನೀರೂ ಇಲ್ಲಿಗೇ ಬಂದು ಸೇರುತ್ತದೆಂದು ಬರೆಯುವುದು, ಅಥವಾ ಆಧಾರ ಹುಡುಕಿಕೊಂಡು ಮತ್ತೊಮ್ಮೆ ಹಿರಿಯೂರಿಗೆ ಹೋಗಿ ಬರುವುದು. ಬರೆಯಲು ಕೂರುವ ಮೊದಲೇ ಇದು ಗೊತ್ತಾದದ್ದು ಲಾಭ. ಮುನ್ನೂರು ಪುಟ ಬರೆದ ಮೇಲೆ ಮಾರ್ಗದರ್ಶಕರು ಇದೇ ತೂತನ್ನು ತೋರಿಸಿದರೆ ಆಗುವ ಸಂಕಟವೇ ಬೇರೆ.

ನಾಲೆ: ಒಂದೇ ವಾದ, ಹಲವು ಕ್ಷೇತ್ರ

ಕೆಲವು ಬರಹಗಳಲ್ಲಿ ಒಳಗೆ ಹೋಗುವುದೂ ಇರುವುದಿಲ್ಲ, ಒಂದರಿಂದ ಒಂದು ಹುಟ್ಟುವುದೂ ಇರುವುದಿಲ್ಲ. ಒಂದು ಮುಖ್ಯ ವಾದವಿದ್ದು, ಅದನ್ನು ಬೇರೆ ಬೇರೆ ಕ್ಷೇತ್ರಗಳಲ್ಲಿ ಸಾಧಿಸಬೇಕಾಗಿರುತ್ತದೆ. ಅಂಥದಕ್ಕೆ ಭದ್ರಾ ನಾಲೆಯ ವ್ಯವಸ್ಥೆ ಹೊಂದುತ್ತದೆ: ಜಲಾಶಯ, ಮುಖ್ಯ ನಾಲೆ, ಶಾಖಾ ನಾಲೆ, ಉಪನಾಲೆ, ಹೊಲಗಾಲುವೆ. ಜಲಾಶಯ ನಿಮ್ಮ ವಾದ. ಶಾಖಾ ನಾಲೆಗಳು ಅಧ್ಯಾಯಗಳು. ಹೊಲಗಾಲುವೆಗಳು ಒಂದೊಂದು ನಿದರ್ಶನ. ನಿದರ್ಶನವಿಲ್ಲದ ಅಧ್ಯಾಯ ಹೊಲ ಮುಟ್ಟದ ನಾಲೆ, ವಾದಕ್ಕೆ ಸೇರದ ನಿದರ್ಶನ ಕಾಲುವೆಯೇ ಇಲ್ಲದ ಹೊಲ.

ದಾವಣಗೆರೆ, ಹರಿಹರ ತಾಲ್ಲೂಕುಗಳ ಭತ್ತದ ಬೆಳೆಗಾರರಿಗೆ ಈ ವ್ಯವಸ್ಥೆಯ ರೋಗ ಯಾವುದೆಂದು ಹೇಳಿಕೊಡಬೇಕಾಗಿಲ್ಲ. ನೀರು ಕೊನೆ ಭಾಗಕ್ಕೆ ಮುಟ್ಟುವುದಿಲ್ಲ. ನಾಲೆಯ ತಲೆಭಾಗದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಎತ್ತಿಕೊಳ್ಳುತ್ತಾರೆ, ದಾರಿಯಲ್ಲಿ ಪಂಪ್‌ಸೆಟ್ ಕೂರಿಸುತ್ತಾರೆ, ಕೊನೆಯ ಹಳ್ಳಿಯ ಗದ್ದೆ ಬಿರುಕು ಬಿಡುತ್ತದೆ. ದೀರ್ಘ ಬರಹದಲ್ಲಿಯೂ ಹಾಗೆಯೇ ಆಗುತ್ತದೆ. ಮೊದಲ ಎರಡು ಅಧ್ಯಾಯ ಇಪ್ಪತ್ತೈದು ಪುಟ, ಕೊನೆಯದು ಆರು ಪುಟ. ಮೊದಲಿನವುಗಳಲ್ಲಿ ಒಂದೊಂದು ಮಾತಿಗೂ ಮೂರು ನಿದರ್ಶನ, ಕೊನೆಯದರಲ್ಲಿ ‘ಇದೇ ರೀತಿ’ ಎಂಬ ಪದ. ಬರೆಯುವವರು ಇದಕ್ಕೆ ಸಮಯದ ಅಭಾವವನ್ನು ದೂರುತ್ತಾರೆ. ನಿಜವಾದ ಕಾರಣ ನಕ್ಷೆಯಲ್ಲಿಯೇ ಇರುತ್ತದೆ, ತಲೆಭಾಗಕ್ಕೆ ಮಿತಿ ಹಾಕಿರುವುದಿಲ್ಲ.

ಪರಿಹಾರವನ್ನೂ ನಾಲೆಯಿಂದಲೇ ತೆಗೆದುಕೊಳ್ಳಬಹುದು. ಮೊದಲ ಅಧ್ಯಾಯವನ್ನು ಬರೆಯುವ ಮೊದಲು ಕೊನೆಯ ಅಧ್ಯಾಯಕ್ಕೆ ಬೇಕಾದ ಚೀಟಿಗಳನ್ನು ಬೇರೆ ತೆಗೆದು ಕಟ್ಟಿಡಿ. ಎಷ್ಟೇ ಒಳ್ಳೆಯ ನಿದರ್ಶನವಾದರೂ ಅದನ್ನು ತಲೆಭಾಗದಲ್ಲಿ ಬಳಸದಿರಿ. ಸಾಧ್ಯವಾದರೆ ಕೊನೆಯ ಅಧ್ಯಾಯವನ್ನು ಎರಡನೆಯದಾಗಿ ಬರೆದುಬಿಡಿ, ಕೈಯಲ್ಲಿ ಕಸುವಿರುವಾಗಲೇ. ಇನ್ನೊಂದು ಮಾತು: ನಾಲೆಗೆ ಸರದಿಯ ಮೇಲೆ ನೀರು ಬಿಡುವ ಆನ್ ಆಫ್ ಪದ್ಧತಿ ಇದೆಯಲ್ಲ, ಅದು ವಾದಕ್ಕೂ ಒಳ್ಳೆಯದು. ಮುಖ್ಯ ವಾದವನ್ನು ಪುಟಪುಟದಲ್ಲೂ ಮತ್ತೆ ಹೇಳಬೇಕಾಗಿಲ್ಲ. ಎರಡು ಮೂರು ನಿದರ್ಶನಗಳನ್ನು ಅವುಗಳ ಪಾಡಿಗೆ ಬಿಟ್ಟು, ಆಮೇಲೆ ಒಮ್ಮೆ ವಾದಕ್ಕೆ ಜೋಡಿಸಿದರೆ ಓದುಗನಿಗೆ ಉಸಿರಾಡಲು ಜಾಗ ಸಿಗುತ್ತದೆ.

ಮಗ್ಗ

ಮಗ್ಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಏಕೆಂದರೆ ಅದು ಬೇಕಾಗುವ ವಿಷಯಗಳು ಕಡಿಮೆ. ಮೊಳಕಾಲ್ಮೂರಿನ ಸೀರೆಯಲ್ಲಿ ಹಾಸಿನ ಎಳೆಗಳು ಮೊದಲಿಂದ ಕೊನೆಯವರೆಗೆ ಉದ್ದಕ್ಕೂ ಇರುತ್ತವೆ, ಹೊಕ್ಕಿನ ಎಳೆ ಲಾಳಿಯೊಂದಿಗೆ ಅಡ್ಡಡ್ಡ ಓಡುತ್ತದೆ. ಹಲವು ಜನರ ನೆನಪುಗಳು ಒಂದೇ ಕಾಲದಲ್ಲಿ ನಡೆಯುವ ಬರಹಕ್ಕೆ ಇದು ಸರಿ. ಉದಾಹರಣೆಗೆ ದಾವಣಗೆರೆಯ ಹತ್ತಿ ಗಿರಣಿಗಳ ಕಾಲವನ್ನು ಬರೆಯುವುದಾದರೆ, ನೂಲುವ ವಿಭಾಗದ ಕಾರ್ಮಿಕ, ಲೆಕ್ಕದ ಗುಮಾಸ್ತ, ಗೇಟಿನ ಎದುರಿನ ಹೋಟೆಲಿನವರು, ರಾತ್ರಿ ಪಾಳಿಗೆ ಬುತ್ತಿ ಕಟ್ಟುತ್ತಿದ್ದ ಹೆಂಗಸು ಹಾಸಾಗುತ್ತಾರೆ. ಪಾಳಿ, ಬೋನಸ್, ಮುಷ್ಕರ, ಬಾಗಿಲು ಹಾಕಿದ ದಿನ ಹೊಕ್ಕಾಗುತ್ತವೆ. ಹಾಸಿನ ಒಂದು ಎಳೆ ನಡುವೆ ತುಂಡಾದರೆ, ಅಂದರೆ ಒಬ್ಬ ವ್ಯಕ್ತಿ ಎರಡು ಅಧ್ಯಾಯ ಕಾಣೆಯಾದರೆ, ಬಟ್ಟೆಯಲ್ಲಿ ಅದು ಕಂಡೇ ಕಾಣುತ್ತದೆ. ನಕ್ಷೆಯಲ್ಲಿ ಚೌಕಗಳ ಜಾಲ ಬರೆದು, ಯಾವ ಚೌಕ ಖಾಲಿ ಇದೆಯೆಂದು ನೋಡಿಕೊಂಡು, ಆ ಚೌಕಕ್ಕಾಗಿ ಮತ್ತೆ ಸಂದರ್ಶನ ಮಾಡಬೇಕು.

ಮುರಿಯುವ ಜಾಗ

ಆರಿಸಿಕೊಂಡ ರೂಪಕವನ್ನು ಬರವಣಿಗೆಗೆ ಮೊದಲೇ ಎಳೆದು ನೋಡಬೇಕು, ಅದು ಎಲ್ಲಿ ಮುರಿಯುತ್ತದೆಂದು. ವಸ್ತುವಿನ ಭಾಗಗಳನ್ನೆಲ್ಲ ಒಂದು ಕಡೆ ಬರೆದು, ಎದುರಿಗೆ ಬರಹದಲ್ಲಿ ಅದಕ್ಕೆ ಸಮನಾದದ್ದನ್ನು ಬರೆಯಿರಿ. ಸಮನಾದದ್ದು ಸಿಗದ ಕಡೆ ಎರಡು ಸಾಧ್ಯತೆಗಳಿರುತ್ತವೆ. ಬರಹದಲ್ಲಿ ಏನೋ ಬಿಟ್ಟುಹೋಗಿದೆ, ಅಥವಾ ರೂಪಕದ ಸಂಬಂಧ ಅಲ್ಲಿಗೆ ಮುಗಿಯಿತು. ಕೋಟೆಯನ್ನು ತೆಗೆದುಕೊಳ್ಳಿ. ಹೊರಸುತ್ತು ಅಲ್ಲಿ ದೊಡ್ಡದು, ಒಳಸುತ್ತು ಚಿಕ್ಕದು. ಬರಹದಲ್ಲಿ ತಿರುಗುಮುರುಗು, ಒಳಗೆ ಹೋದಂತೆ ಪುಟಗಳು ಹೆಚ್ಚಬೇಕು. ಕೋಟೆ ಕಟ್ಟಿದ್ದು ಬರುವವರನ್ನು ತಡೆಯಲು, ಬರಹ ಇರುವುದು ಬರಮಾಡಿಕೊಳ್ಳಲು. ಇದನ್ನು ಮರೆತು ಕಷ್ಟವಾದ ಪರಿಭಾಷೆಯನ್ನೇ ಬಾಗಿಲಾಗಿ ಇಟ್ಟವರಿದ್ದಾರೆ. ಹೊಂಡಗಳಲ್ಲಿ ನೀರು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ, ಆದರೆ ಕೊನೆಯ ಅಧ್ಯಾಯ ಓದಿದ ಮೇಲೆ ಮೊದಲನೆಯದು ಬೇರೆ ಅರ್ಥ ಕೊಡುವಂತಿದ್ದರೆ ಅದು ಬರಹದ ಗುಣವೇ ಹೊರತು ದೋಷವಲ್ಲ. ಮುರಿಯುವ ಜಾಗಗಳನ್ನು ನಕ್ಷೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಳ್ಳಿ. ರೂಪಕ ನಿಮ್ಮನ್ನು ದಾರಿ ತಪ್ಪಿಸುವುದು ಅಲ್ಲಿಯೇ.

ಒಂದೇ ಬರಹಕ್ಕೆ ಎರಡು ರೂಪಕ ಬೆರೆಸಬಹುದೇ ಎಂದು ಕೇಳುವವರಿದ್ದಾರೆ. ಇಡೀ ಬರಹಕ್ಕೆ ಒಂದು, ಅದರ ಒಂದು ಅಧ್ಯಾಯದ ಒಳಗೆ ಇನ್ನೊಂದು ಎಂದಾದರೆ ತೊಂದರೆಯಿಲ್ಲ. ಕೋಟೆಯ ನಕ್ಷೆಯ ಮೂರನೆಯ ಸುತ್ತಿನೊಳಗೆ ಮೇಲಿನ ಕೆರೆಗಳನ್ನು ಹೊಂಡಗಳ ಸಾಲಿನಂತೆ ಬರೆಯಬಹುದು. ಒಂದೇ ಮಟ್ಟದಲ್ಲಿ ಎರಡನ್ನೂ ನಡೆಸಲು ಹೋದರೆ ಯಾವ ಪ್ರಶ್ನೆಯನ್ನು ಯಾವುದಕ್ಕೆ ಕೇಳಬೇಕೆಂಬುದೇ ಗೊತ್ತಾಗದೆ ನಕ್ಷೆ ಕೈಬಿಡುತ್ತದೆ. ಆದರೆ ಕರಡು ಮುಗಿದ ಮೇಲೆ, ಬರೆಯಲು ಬಳಸದ ಇನ್ನೊಂದು ರೂಪಕದಿಂದ ಅದನ್ನು ತಪಾಸಣೆ ಮಾಡುವುದು ಒಳ್ಳೆಯ ಅಭ್ಯಾಸ. ಕೋಟೆಯಾಗಿ ಕಟ್ಟಿದ್ದನ್ನು ನಾಲೆಯ ಕಣ್ಣಿನಿಂದ ನೋಡಿ, ಕೊನೆ ಭಾಗಕ್ಕೆ ನೀರು ಬಂದಿದೆಯೇ ಎಂದು ಕೇಳಿ.

ಅಚ್ಚಿಗೆ ಕೊಡುವ ಮೊದಲು ರೂಪಕವನ್ನು ಬರಹದಿಂದ ಅಳಿಸಬೇಕು. ‘ಮೊದಲ ಬಾಗಿಲು’, ‘ಎರಡನೆಯ ಬಾಗಿಲು’ ಎಂದು ಅಧ್ಯಾಯಗಳಿಗೆ ಹೆಸರಿಡುವ ಆಸೆ ಎಲ್ಲರಿಗೂ ಬರುತ್ತದೆ. ಅದು ನಕ್ಷೆಯನ್ನು ತೋರಿಸುತ್ತದೆಯೇ ಹೊರತು ವಿಷಯವನ್ನು ತೋರಿಸುವುದಿಲ್ಲ. ಮೇಲಾಗಿ, ಹಾಗೆ ಹೆಸರಿಟ್ಟ ಮೇಲೆ ಬಾಗಿಲಿನ ಲೆಕ್ಕ ಏಳಕ್ಕೆ ಸರಿಹೊಂದಲೆಂದು ಬೇಡದ ಅಧ್ಯಾಯ ಸೇರಿಸುವವರನ್ನೂ ನೋಡಿದ್ದೇನೆ. ಬಾಗಿಲುಗಳಾಗಿ ಬರೆದುಕೊಂಡ ಪ್ರಶ್ನೆಗಳನ್ನು ಅಧ್ಯಾಯದ ಕೊನೆಯ ವಾಕ್ಯವಾಗಿ ಇಡಬೇಕೆಂದೂ ಇಲ್ಲ. ಪ್ರಶ್ನೆ ಓದುಗನಲ್ಲಿ ತಾನಾಗಿ ಏಳುವಂತೆ ಸಂಗತಿಗಳನ್ನು ಜೋಡಿಸಿದ್ದರೆ ಪ್ರಶ್ನಾರ್ಥಕ ಚಿಹ್ನೆಯ ಅಗತ್ಯ ಬೀಳುವುದಿಲ್ಲ. ವಾಣಿ ವಿಲಾಸ ಸಾಗರದ ಬರಹದಲ್ಲಿ ಕೊನೆಗೆ ಉಳಿಯಬೇಕಾದ ತಲೆಬರಹಗಳು ಇಷ್ಟು: ಕೋಡಿ ಬಿದ್ದ ವರ್ಷ, ಮಳೆಯ ಲೆಕ್ಕ, ಮೇಲಿನ ಕೆರೆಗಳು ಮತ್ತು ಅಣೆಕಟ್ಟು ಕಟ್ಟಿದವರ ಅಂದಾಜು, ಭದ್ರೆಯ ನೀರು, ಹಕ್ಕುದಾರರು. ಪರಿವಿಡಿಯಲ್ಲಿ ಈ ಐದನ್ನು ಓದಿದವರಿಗೆ ಕೋಟೆಯ ನೆನಪು ಬರಬೇಕಾಗಿಲ್ಲ. ಮೂರನೆಯದನ್ನು ಎರಡನೆಯದಕ್ಕಿಂತ ಮೊದಲು ಓದಲು ಬರುವುದಿಲ್ಲ ಎಂಬುದು ಗೊತ್ತಾದರೆ ನಕ್ಷೆಯ ಹಾಳೆಯನ್ನ ಮಡಚಿ ಚೀಟಿಗಳ ಜೊತೆ ಕಟ್ಟಿಡಬಹುದು.